ಸೋಫಾಕ್ಕೆ ಬೆನ್ನು ಹಚ್ಚಿ ಕೂತವರು

ಹೋದ ವರ್ಷ ಹುಮನಾಬಾದಿನಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಹೋಳಿಗೆ ಊಟ ಮುಗಿದು ಹಿರಿಯರು ಎಲೆ-ಅಡಿಕೆ ಹಾಕಿಕೊಳ್ಳಲು ಹಾಲ್‌ಗೆ ಬಂದರು. ಅಲ್ಲಿ ಮರೂನ್ ಬಣ್ಣದ, ಎಲ್ ಆಕಾರದ ಸೋಫಾ. ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ಒಬ್ಬೊಬ್ಬರೇ ಬಂದು ಅಂಗೈಯಿಂದ ಒತ್ತಿ ನೋಡಿದರು. 'ಛಲೋ ಅದ' ಅಂದರು. ಆಮೇಲೆ ಅದರ ಮುಂದೆ, ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತು ಸೋಫಾಕ್ಕೆ ಬೆನ್ನು ಹಚ್ಚಿದರು. ಒಟ್ಟು ಹನ್ನೊಂದು ಜನ. ಸೋಫಾದ ಮೇಲೆ ಇದ್ದವರು ಇಬ್ಬರು ಹುಡುಗರು ಮಾತ್ರ, ಮೊಬೈಲ್ ಹಿಡಿದುಕೊಂಡು.

'ಎಂಬತ್ತು ಸಾವಿರ ಕೊಟ್ಟೀವಿ ಅಣ್ಣಾ, ಬೆನ್ನು ಹಚ್ಚಲಿಕ್ಕ ಏನು?' ಎಂದು ತಂಗಿ ಅಡುಗೆಮನೆ ಬಾಗಿಲಲ್ಲಿ ನನ್ನ ಕಿವಿಯಲ್ಲಿ ಕೇಳಿದಳು.

ಆಗ ನಗು ಬಂತು. ಆದರೆ ವಾಪಸು ಬರುವಾಗ, ಸಸ್ತಾಪುರ ಬಂಗಲಾದ ಹತ್ತಿರ ಬಸ್ಸು ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ಹೊರಳುವ ಹೊತ್ತಿಗೆ, ಅವಳ ಪ್ರಶ್ನೆಗೆ 'ಹೌದು' ಎಂಬುದೇ ನೆಟ್ಟಗಿನ ಉತ್ತರ ಅನ್ನಿಸಿತ್ತು. ನಮ್ಮ ಕಡೆಯ ಜನಕ್ಕೆ ಹಾಲ್‌ನಲ್ಲಿ ಮೊದಲು ಬೇಕಾದದ್ದು ಬೆನ್ನಿಗೆ ಆಸರೆ, ಕಾಲು ಮಡಚಲು ಜಾಗ. ಮೆತ್ತನೆಯ ಸೀಟು ಆಮೇಲಿನ ಮಾತು. ನಾವು ಸಾಮಾನು ಕೊಳ್ಳುವಾಗ ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡಿದ್ದೇವೆ.

ನಮ್ಮೂರ ಎಷ್ಟೋ ಹಾಲ್‌ಗಳಲ್ಲಿ ಅನುಭವ ಮಂಟಪದ ಚಿತ್ರ ತೂಗುತ್ತಿರುತ್ತದೆ. ಶೂನ್ಯ ಸಿಂಹಾಸನದ ಮೇಲೆ ಅಲ್ಲಮಪ್ರಭುಗಳು. ಉಳಿದ ಶರಣರೆಲ್ಲ ಕೆಳಗೆ ಸಾಲು ಹಿಡಿದು ಕೂತಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಹೆಸರು ಮಾಡಿದ್ದೇ ಜನ ಒಂದೆಡೆ ಕೂತು ಮಾತಾಡಿದ್ದರಿಂದ. ಆ ಚಿತ್ರದ ಕೆಳಗೇ ಮೂವರು ಕೂರುವ ಸೋಫಾ ಇಟ್ಟು, ನಾಲ್ಕನೆಯವರು ಬಂದರೆ ಪ್ಲಾಸ್ಟಿಕ್ ಕುರ್ಚಿ ತರಲು ಹುಡುಗನನ್ನು ಪಕ್ಕದ ಮನೆಗೆ ಓಡಿಸುತ್ತೇವೆ. ಹುಮನಾಬಾದಿನವರಿಗೂ ಕೂರುವ ವಿದ್ಯೆ ಯಾರೂ ಹೇಳಿಕೊಡಬೇಕಿಲ್ಲ. ಮಾಣಿಕನಗರದ ದತ್ತ ಜಯಂತಿ ದರ್ಬಾರಿನಲ್ಲಿ ಹಾಡುವವರೂ ಕೇಳುವವರೂ ನೆಲಕ್ಕೆ ಕೂತೇ ರಾತ್ರಿ ಕಳೆಯುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ.

ನಾನು ಬೆಳೆದದ್ದು ಮಾಳಿಗೆ ಮನೆಯಲ್ಲಿ. ತೊಲೆ, ಜಂತಿ, ಅದರ ಮೇಲೆ ಮೊಣಕೈ ಉದ್ದದ ಮಣ್ಣು. ತಲಬಾಗಿಲು ದಾಟಿದರೆ ಅಂಗಳ, ಅಂಗಳಕ್ಕೆ ಹೊಂದಿ ಪಡಸಾಲಿ. ಆ ಪಡಸಾಲಿಯಲ್ಲಿ ಕಾಯಂ ಸಾಮಾನು ಅಂತ ಇದ್ದದ್ದು ಒಂದು ಹೊರಸು, ಗೋಡೆಯ ಗೂಟಗಳು, ಎರಡು ಗೂಡು. ಒಂದು ಗೂಡಿನಲ್ಲಿ ದೀಪ, ಇನ್ನೊಂದರಲ್ಲಿ ಅಜ್ಜನ ಅಡಕೊತ್ತು, ಚಂಚಿ. ಜನ ಬಂದರೆ ಮೂಲೆಯಲ್ಲಿ ಸುತ್ತಿಟ್ಟ ಜಮಖಾನ ಬಿಚ್ಚುತ್ತಿದ್ದರು, ಗೋಡೆಗೆ ಎರಡು ಲೋಡು ಒರಗಿಸುತ್ತಿದ್ದರು. ಜನ ಹೋದರೆ ಜಮಖಾನ ಮತ್ತೆ ಸುರುಳಿ. ಬೆಳಿಗ್ಗೆ ಅದೇ ಜಾಗದಲ್ಲಿ ಅವ್ವ ಕಾಳು ಹಸನು ಮಾಡುತ್ತಿದ್ದಳು, ಮಧ್ಯಾಹ್ನ ಊಟದ ಪಂಕ್ತಿ, ರಾತ್ರಿ ಹಾಸಿಗೆ. ಒಂದೇ ಕೋಣೆಗೆ ದಿನಕ್ಕೆ ನಾಲ್ಕು ವೇಷ. ಉಳ್ಳವರ ವಾಡೆಗಳಲ್ಲಿ ಬೇರೆಯದೇ ದಿವಾನಖಾನೆ ಇತ್ತು, ಗಾದಿ-ತಕ್ಕೆ ಇತ್ತು. ಆದರೂ ಕೂರುವುದು ನೆಲಕ್ಕೇ. ಸೋಫಾ ಅನ್ನುವ ಪದದ ಬೇರು ಹಿಡಿದು ಹೋದರೆ ಅರಬ್ಬಿಯ 'ಸುಫ್ಫಾ' ಸಿಗುತ್ತದೆ. ಅದರ ಅರ್ಥ ಹಾಸು ಹಾಸಿದ ಎತ್ತರದ ಜಗಲಿ. ಅಂದರೆ ನಮ್ಮ ಕಟ್ಟೆ! ಮನೆ ಮುಂದಿನ ಕಟ್ಟೆ ಒಡೆದು, ಅದೇ ಕಟ್ಟೆಯನ್ನು ಹೈದರಾಬಾದಿನಿಂದ ರೆಕ್ಸಿನ್ ಹೊದಿಸಿ ತರಿಸಿಕೊಂಡಂತಾಯಿತು.

ಇನ್ನು ಅಳತೆಗೆ ಬರೋಣ. ನಮ್ಮ ಎರಡೂ ಊರುಗಳ ಬಡಾವಣೆಗಳಲ್ಲಿ 30×40ರ ಸೈಟಿನಲ್ಲಿ ಕಟ್ಟಿದ ಮನೆಯ ಹಾಲ್ ಹೆಚ್ಚು ಕಡಿಮೆ 12×16 ಅಡಿ ಬರುತ್ತದೆ. ತಂಗಿಯದೂ ಅಷ್ಟೇ. ಕೇಳಲು ದೊಡ್ಡದು. ಆದರೆ ಆ ಹಾಲ್‌ಗೆ ನಾಲ್ಕು ಬಾಗಿಲು: ಹೊರಬಾಗಿಲು, ಅಡುಗೆಮನೆ, ಮಲಗುವ ಕೋಣೆ, ದೇವರ ಕೋಣೆ. ಬಾಗಿಲಿಂದ ಬಾಗಿಲಿಗೆ ನಡೆಯುವ ದಾರಿಗೆ ಎರಡೂವರೆಯಿಂದ ಮೂರು ಅಡಿ ಬಿಡಲೇಬೇಕು. ಇಲ್ಲದಿದ್ದರೆ ಚಹಾದ ತಾಟು ಹಿಡಿದವರು ಅಡ್ಡಡ್ಡ ನಡೆಯಬೇಕಾಗುತ್ತದೆ. ಸೋಫಾ ಮತ್ತು ಟೀಪಾಯಿ ನಡುವೆ ಒಂದೂವರೆ ಅಡಿ. ಇಷ್ಟು ಕಳೆದ ಮೇಲೆ ಸಾಮಾನಿಗೆ ಉಳಿಯುವುದು ಒಂದೂವರೆ ಗೋಡೆ. ಒಂಬತ್ತು ಅಡಿ ಉದ್ದ, ಆರು ಅಡಿ ಮಡಿಕೆಯ ಸೋಫಾ ಅದರಲ್ಲಿ ಹಿಡಿಸುತ್ತದೆ ನಿಜ, ಮನುಷ್ಯರು ಹಿಡಿಸುವುದಿಲ್ಲ.

ಖರ್ಚಿಲ್ಲದ ಒಂದು ಉಪಾಯ ಇದೆ. ಕೊಳ್ಳಬೇಕೆಂದಿರುವ ಸಾಮಾನಿನ ಉದ್ದಗಲ ಅಂಗಡಿಯಲ್ಲಿ ಬರೆದುಕೊಂಡು ಬನ್ನಿ. ಹಾಲ್‌ನ ನೆಲದ ಮೇಲೆ ರಂಗೋಲಿ ಪುಡಿಯಿಂದ ಅಷ್ಟೇ ಅಳತೆಯ ಗೆರೆ ಎಳೆಯಿರಿ. ಎರಡು ದಿನ ಮನೆಮಂದಿಯೆಲ್ಲ ಆ ಗೆರೆ ತುಳಿಯದೆ ಓಡಾಡಲಿ. ಎಲ್ಲಿ ರಂಗೋಲಿ ಅಳಿಸುತ್ತದೋ ಅಲ್ಲಿ ನಾಳೆ ಮೊಣಕಾಲಿಗೆ ಪೆಟ್ಟು ಖಾತ್ರಿ. ಹೊರಬಾಗಿಲ ಚೌಕಟ್ಟನ್ನೂ ಅಳೆಯಿರಿ. ಇದನ್ನು ನಾನು ಬುದ್ಧಿವಂತಿಕೆಯಿಂದ ಹೇಳುತ್ತಿಲ್ಲ. ನನ್ನ ಮನೆಗೆ ಬಂದ ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು, ಅಂಗಡಿಯ ಹುಡುಗರು 'ಇಳಿಸೋದು ಅಷ್ಟೇ ನಮ್ಮ ಕೆಲಸ' ಎಂದು ಹೊರಟುಹೋಗಿ, ಕೊನೆಗೆ ವೆಲ್ಡಿಂಗ್‌ನವನನ್ನು ಕರೆಸಿ ಕಿಟಕಿಯ ಗ್ರಿಲ್ ಕೊಯ್ಸಬೇಕಾಯಿತು. ಓಣಿಯ ಅರ್ಧ ಜನ ಕಟ್ಟೆಯ ಮೇಲೆ ಕೂತು ಸಲಹೆ ಕೊಡುತ್ತಿದ್ದರು. ಅವರಿಗೆ ಚಹಾ ಬೇರೆ.

ಹಾಗಂತ ಎಲ್ಲರನ್ನೂ ನೆಲಕ್ಕೆ ಕೂಡಿಸಿ ಅನ್ನುತ್ತಿಲ್ಲ. ಮೊಣಕಾಲು ಹಿಡಿದವರಿಗೆ ನೆಲಕ್ಕೆ ಕೂರುವುದಲ್ಲ, ಏಳುವುದು ಶಿಕ್ಷೆ. ಅಂಥವರಿಗೆ ಈಗಿನ ಸೋಫಾಗಳೂ ಶಿಕ್ಷೆಯೇ. ಷೋರೂಮಿನಲ್ಲಿ ಚೆಂದ ಕಾಣುವ ತಗ್ಗು ಸೋಫಾದ ಸೀಟು ನೆಲದಿಂದ 14-15 ಇಂಚು, ಒಳಗೆ ಆಳ, ಫೋಮ್ ಕುಸಿಯುತ್ತದೆ. ಅದರಲ್ಲಿ ಕೂತ ಮುದುಕರನ್ನು ಇಬ್ಬರು ಹಿಡಿದು ಎತ್ತಬೇಕು. ವಯಸ್ಸಾದವರಿಗೆ 17-18 ಇಂಚು ಎತ್ತರದ ಗಟ್ಟಿ ಸೀಟು, ಊರಿ ಏಳಲು ಎರಡು ಕೈ ಇರುವ ಕುರ್ಚಿ ಬೇಕು. ಹಾಲ್‌ನಲ್ಲಿ ಅಂಥ ಎರಡು ಕುರ್ಚಿ ಇದ್ದರೆ ಸಾಕು. ಹಳೆಯ ಸಾಗವಾನಿ ಕುರ್ಚಿಯನ್ನು ಗುಜರಿಗೆ ಹಾಕುವ ಮುನ್ನ ಬಸವಕಲ್ಯಾಣದ ಆಟೋ ನಗರದ ಕಡೆ ಒಮ್ಮೆ ಹೋಗಿ ಬನ್ನಿ. ಲಾರಿ ಸೀಟು ಹೊಲಿಯುವವರು ಗಟ್ಟಿ ಫೋಮ್ ಹಾಕಿ, ದಪ್ಪ ರೆಕ್ಸಿನ್ ಎಳೆದು ಮೊಳೆ ಹೊಡೆದುಕೊಡುತ್ತಾರೆ. ದಿನಗಟ್ಟಲೆ ಕೂತು ಲಾರಿ ಓಡಿಸುವವರ ಬೆನ್ನು ಬಲ್ಲವರಿಗೆ ನಮ್ಮ ಬೆನ್ನು ಯಾವ ಲೆಕ್ಕ!

ಕೂರಲೂ ಮಲಗಲೂ ಆಗುವ ದಿವಾನ್ ಒಂದಿದ್ದರೆ ರಾತ್ರಿ ಉಳಿಯುವ ನೆಂಟರ ಚಿಂತೆ ಮುಗಿಯಿತು. ಅದರ ಮೇಲೆ ಸೊಲ್ಲಾಪುರದ ಚಾದರ ಹಾಸಿ; ದಪ್ಪ ಹತ್ತಿ, ಎಷ್ಟು ಒಗೆದರೂ ತಡೆಯುತ್ತದೆ. ನೆಲಕ್ಕೆ ನವಲಗುಂದದ ಜಮಖಾನ ಸಿಕ್ಕರೆ ಬಿಡಬೇಡಿ. ಯಂತ್ರದ ಉದ್ದ ಜೂಲಿನ ಕಾರ್ಪೆಟ್ ಮಾತ್ರ ಬೇಡ. ನಮ್ಮ ಬೇಸಿಗೆಯ ಧೂಳೆಲ್ಲ ಅದರ ಹೊಟ್ಟೆ ಸೇರುತ್ತದೆ, ಅಂಗಳಕ್ಕೆ ಹಾಕಿ ಬಡಿದರೂ ಹೊರಗೆ ಬರುವುದಿಲ್ಲ. ಇನ್ನು ಟ್ರಂಕಿನ ತಳದಲ್ಲಿ ಅವ್ವನ ಕಾಲದ ಕೌದಿ ಇದ್ದೇ ಇರುತ್ತದಲ್ಲ, ಅದನ್ನು ತೆಗೆಯಿರಿ. ಹಳೆಯ ಸೀರೆಗಳನ್ನು ಪದರ ಪದರ ಹಾಕಿ ಸಣ್ಣ ಹೊಲಿಗೆ ಹಾಕಿದ್ದು. ನಮ್ಮ ಮನೆಯದರಲ್ಲಿ ಅವ್ವನ ಇಳಕಲ್ ಸೀರೆಯ ಸೆರಗಿನ ಕೆಂಪು ಚೂರೊಂದಿದೆ. ಅದರ ಪಕ್ಕದಲ್ಲೇ ನನ್ನ ಸಾಲೆಯ ಖಾಕಿ ಚಡ್ಡಿಯ ತೇಪೆ. ಎರಡು ಮಡಿಕೆ ಮಾಡಿ ಹಾಸಿದರೆ ಮೂವರಿಗೆ ಆಸನ. ಬಂದವರೆಲ್ಲ ಅದನ್ನೇ ಮುಟ್ಟಿ ನೋಡುತ್ತಾರೆ, ಟಿವಿಯನ್ನಲ್ಲ.

ಹೊರಸಿನ ಬಗ್ಗೆಯೂ ಒಂದು ಮಾತು. ನುಲಿಯ ಚಂದಯ್ಯನ ಗವಿ ಇರುವ ಊರು ನಮ್ಮದು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದೇ ಆ ಶರಣರ ಕಾಯಕ. ಅಂಥ ಊರಿನಲ್ಲಿ ಹಗ್ಗದ ಹೊರಸು ಹೆಣೆಯುವವರನ್ನು ಈಗ ಹುಡುಕಬೇಕು. ನವಾರ ಪಟ್ಟಿಯದ್ದಾದರೂ ಒಂದಿರಲಿ. ಹಗಲು ಗೋಡೆಗೆ ಎತ್ತಿ ನಿಲ್ಲಿಸಬಹುದು, ಸಂಜೆ ಮಾಳಿಗೆ ಮೇಲೆ ಒಯ್ಯಬಹುದು. ಬೆನ್ನ ಕೆಳಗೂ ಗಾಳಿ ಆಡುತ್ತದೆ. ಪಟ್ಟಿ ಜೋಲು ಬಿದ್ದರೆ ಕಾಲುಕಡೆಯಿಂದ ಬಿಗಿದರಾಯಿತು.

ನೆಲದ ಮೇಲೆ ಕೂರುವುದಾದರೆ ನೆಲ ಎಂಥದ್ದು ಎಂಬುದೂ ಮುಖ್ಯ. ನಮ್ಮ ಹಳೆಯ ಮನೆಗಳದ್ದು ಶಹಾಬಾದಿನ ಫರಸಿ. ಬಿಸಿಲು ತಾಗದ ಕಡೆ ಹಾಸಿದರೆ ಮೇ ತಿಂಗಳ ಮಧ್ಯಾಹ್ನವೂ ಅಂಗಾಲಿಗೆ ತಂಪು. ಮೈಯ ಶಾಖವನ್ನು ಕಲ್ಲು ಬೇಗ ಎಳೆದುಕೊಳ್ಳುತ್ತದೆ. ತುಸು ಒರಟಾದ್ದರಿಂದ ಒದ್ದೆ ಕಾಲಿಗೂ ಹಿಡಿತ ಸಿಗುತ್ತದೆ. ಅದರ ದೋಷವನ್ನೂ ಹೇಳಬೇಕು: ಅದು ಸುಣ್ಣದ ಕಲ್ಲು, ಎಣ್ಣೆ ಕುಡಿಯುತ್ತದೆ, ಹುಳಿ ಬಿದ್ದರೆ ಕಲೆ ಕೂರುತ್ತದೆ. ಆಸಿಡ್ ಸುರಿದು ತೊಳೆದವರ ಮನೆಯ ಫರಸಿ ಸಿಡುಬು ಎದ್ದ ಮುಖದಂತೆ ಆಗಿರುವುದನ್ನು ನೋಡಿದ್ದೇನೆ. ಸಾದಾ ಸಾಬೂನು ನೀರು ಸಾಕು. ವಿಟ್ರಿಫೈಡ್ ಟೈಲ್ಸ್ ಒರೆಸಲು ಹಗುರ, ಕಲೆ ಹಿಡಿಯುವುದಿಲ್ಲ, ಎಲ್ಲ ಸರಿ. ಆದರೆ ಕನ್ನಡಿಯಂತೆ ಹೊಳೆಯುವುದನ್ನೇ ಆರಿಸಬೇಡಿ. ನೀರು ಚೆಲ್ಲಿದ್ದು ಅದರ ಮೇಲೆ ಕಾಣುವುದೇ ಇಲ್ಲ, ಕಂಡಾಗ ಆಯಿ ಜಾರಿ ಬಿದ್ದಾಗಿರುತ್ತದೆ. ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಅದೇ ಅಂಗಡಿಯಲ್ಲಿ ಸಿಗುತ್ತದೆ.

ಈಗ ಸೆಕೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಾಡಿನಲ್ಲಿ ಹಾಲ್ ಸಿಂಗರಿಸುವುದೆಂದರೆ ಅರ್ಧ ಕೆಲಸ ಸೆಕೆಯನ್ನು ಹೊರಗಿಡುವುದು. ಮಣ್ಣಿನ ಮಾಳಿಗೆ ಹಗಲೆಲ್ಲ ಬಿಸಿಲು ತಿಂದರೂ ಒಳಗೆ ಬಿಡುತ್ತಿರಲಿಲ್ಲ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬು ಹಾಗಲ್ಲ. ಹಗಲು ಕಾದು, ಸಂಜೆಯಿಂದ ಮಧ್ಯರಾತ್ರಿಯ ತನಕ ನಮ್ಮ ತಲೆಯ ಮೇಲೆ ಬಿಸಿ ಉಗುಳುತ್ತದೆ. ಹಾಲ್‌ನ ಗೋಡೆಗೆ ಯಾವ ಬಣ್ಣ ಎಂದು ನಾಲ್ಕು ದಿನ ಜಗಳ ಆಡುವವರು ಮಾಳಿಗೆಗೆ ಬಿಳಿ ಬಣ್ಣ ಬಳಿಸುವ ಯೋಚನೆಯನ್ನೇ ಮಾಡುವುದಿಲ್ಲ. ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಸ್ಲ್ಯಾಬು ಕಾಯುವುದೇ ಕಡಿಮೆ. ನಮ್ಮ ಗಡಿಯಾಚೆಯ ತೆಲಂಗಾಣ 2023ರಲ್ಲಿ ಇದಕ್ಕಾಗಿಯೇ 'ಕೂಲ್ ರೂಫ್' ನೀತಿಯೊಂದನ್ನು ತಂದಿತು. ನೀತಿಯ ದಾರಿ ಕಾಯದೆ ನಾವು ಸುಣ್ಣದಿಂದಲೇ ಶುರು ಮಾಡಬಹುದು.

ಪಡುವಣ ಕಿಟಕಿಗೆ ಒಳಗೆ ದಪ್ಪ ಪರದೆ ಹಾಕಿದರೆ ಕಣ್ಣಿಗೆ ನೆರಳು, ಮೈಗೆ ಇಲ್ಲ. ಬಿಸಿಲು ಗಾಜು ದಾಟಿದ ಮೇಲೆ ಶಾಖ ಮನೆಯೊಳಗೆ ಬಂದ ಹಾಗೆಯೇ. ಅದನ್ನು ಹೊರಗೇ ತಡೆಯಬೇಕು: ಸಜ್ಜೆ, ಬಿದಿರಿನ ಚಿಕ್, ಇಲ್ಲವೇ ಜಾಗ ಇದ್ದರೆ ಒಂದು ಬೇವಿನ ಗಿಡ.

ಪಿಒಪಿ ಸೀಲಿಂಗ್ ಎಂಬ ವೈಭೋಗದ ಬಗ್ಗೆ ನನಗೆ ತಕರಾರಿದೆ. ಹತ್ತು ಅಡಿ ಎತ್ತರದ ಹಾಲ್‌ನಲ್ಲಿ ಮುಕ್ಕಾಲು ಅಡಿಯೋ ಒಂದು ಅಡಿಯೋ ಅದಕ್ಕೇ ಹೋಗುತ್ತದೆ. ಫ್ಯಾನಿನ ರೆಕ್ಕೆ ಸೀಲಿಂಗಿಗೆ ಅಂಟಿದಂತಾದರೆ ಮೇಲಿನಿಂದ ಎಳೆದುಕೊಳ್ಳಲು ಗಾಳಿಯೇ ಇರುವುದಿಲ್ಲ, ತಿರುಗುತ್ತದೆ, ಬೀಸುವುದಿಲ್ಲ. ರೆಕ್ಕೆ ನೆಲದಿಂದ ಎಂಟರಿಂದ ಒಂಬತ್ತು ಅಡಿ ಮೇಲೆ, ಸೀಲಿಂಗಿನಿಂದ ಒಂದು ಅಡಿ ಕೆಳಗೆ ಇದ್ದರೆ ಗಾಳಿ ಚೆನ್ನ. ಪಿಒಪಿಯ ಸಂದಿಯಲ್ಲಿ ಬಚ್ಚಿಟ್ಟ ನೀಲಿ ಪಟ್ಟಿ ದೀಪವನ್ನು ಗೃಹಪ್ರವೇಶದ ದಿನ ಹಚ್ಚುತ್ತಾರೆ, ಆಮೇಲೆ ಅಲ್ಲಿ ಹಲ್ಲಿಗಳ ಸಂಸಾರ. ಆ ದುಡ್ಡಿನಲ್ಲಿ ಬಿಎಲ್‌ಡಿಸಿ ಫ್ಯಾನು ತನ್ನಿ. ಹಳೆಯ ಫ್ಯಾನು 75 ವಾಟ್ ತಿಂದರೆ ಇದು 30ರ ಆಸುಪಾಸು, ಕರೆಂಟು ಹೋದಾಗ ಇನ್ವರ್ಟರ್ ಅಷ್ಟೇ ಹೆಚ್ಚು ಹೊತ್ತು ಎಳೆಯುತ್ತದೆ.

ಕೂಲರನ್ನು ಹಾಲ್‌ನ ನಡುವೆ ಇಟ್ಟು ಕಿಟಕಿ ಬಾಗಿಲು ಮುಚ್ಚಿ ಕೂರುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಒಣಗಾಳಿ ಒದ್ದೆ ಹುಲ್ಲಿನ ಮೂಲಕ ಬರುವಾಗ ನೀರು ಆವಿಯಾಗಲು ಆ ಗಾಳಿಯ ಶಾಖವನ್ನೇ ಹೀರುತ್ತದೆ, ಅದಕ್ಕೇ ತಂಪು. ಮುಚ್ಚಿದ ಕೋಣೆಯ ಗಾಳಿ ಹದಿನೈದು ನಿಮಿಷಕ್ಕೆ ತೇವದಿಂದ ತುಂಬುತ್ತದೆ, ಆಮೇಲೆ ಬರೀ ಜಿಗಿಜಿಗಿ. ಕೂಲರು ಹೊರಗಿನ ಗಾಳಿ ಎಳೆದುಕೊಳ್ಳುವಂತೆ ಕಿಟಕಿಯಲ್ಲಿ ಕೂರಬೇಕು, ಎದುರಿನ ಕಿಟಕಿ ತೆರೆದಿರಬೇಕು. ಹಾಗಾಗಿ ಹಾಲ್ ವಿನ್ಯಾಸ ಮಾಡುವಾಗಲೇ ಕೂಲರಿನ ಕಿಟಕಿ ಯಾವುದು ಎಂದು ಗೊತ್ತು ಮಾಡಿ, ಅದರ ಮುಂದೆ ಷೋಕೇಸು ನಿಲ್ಲಿಸಬೇಡಿ.

ಬೆಳಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಬ್ಬಿಯ ಮೇಲೆ 6500 ಕೆ ಎಂದಿದ್ದರೆ ಅದು ಬ್ಯಾಂಕಿನ ಕೌಂಟರಿನ ಬಿಳಿ ಬೆಳಕು. 3000 ಕೆ ಎಂದಿದ್ದರೆ ಕಂದೀಲಿನ ಕಡೆ ವಾಲಿದ ಹಳದಿ. ಹಾಲ್‌ಗೆ ಹಳದಿ ಹಿತ. ಅಪ್ಪ ಪೇಪರ್ ಓದುವ ಕುರ್ಚಿಯ ಪಕ್ಕಕ್ಕೆ ಬೇರೆಯದೇ ಒಂದು ದೀಪ ಇರಲಿ. ಅರವತ್ತು ದಾಟಿದ ಕಣ್ಣಿಗೆ ಮೊಮ್ಮಗನ ಕಣ್ಣಿಗಿಂತ ಹೆಚ್ಚು ಬೆಳಕು ಬೇಕು.

ಅಲಂಕಾರಕ್ಕೆ ಇಷ್ಟು ತಡವಾಗಿ ಬಂದೆ ಎಂದು ಓದುಗರು ಗೊಣಗಬಹುದು. ಅದರ ಜಾಗವೇ ಕೊನೆಯದು. ಹಾಗೆಂದು ಅದು ಕ್ಷುಲ್ಲಕ ಅಲ್ಲ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮನೆಗೆ, ಆಸನಕ್ಕೆ, ಹಾಸಿಗೆಗೆ ಬೇರೆ ಬೇರೆ ಅಧ್ಯಾಯಗಳೇ ಇವೆ. ರಾಜ್ಯಭಾರ, ಆನೆ, ಸಂಗೀತದ ಜೊತೆಗೆ ಅರಸನೊಬ್ಬ ಕೂರುವ ಪೀಠಕ್ಕೂ ತಲೆ ಕೆಡಿಸಿಕೊಂಡಿದ್ದ. ಬೀದರ್ ಕೋಟೆಯ ರಂಗೀನ್ ಮಹಲಿಗೆ ಹೋದಾಗ ಇನ್ನೊಂದನ್ನು ಗಮನಿಸಿ. ಅಲಿ ಬರೀದ್ ಶಾಹನ ಕಾಲದ, ಅಂದರೆ ಹದಿನಾರನೆಯ ಶತಮಾನದ ಕೆಲಸ. ದೊಡ್ಡ ಮಹಲೇನಲ್ಲ. ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಬಾಗಿಲ ಸುತ್ತ, ಕೆತ್ತನೆಯೆಲ್ಲ ಮರದ ಕಂಬಗಳ ಮೇಲೆ. ಕಣ್ಣು ತಾನಾಗಿ ಹೋಗುವ ಎಡೆಯಲ್ಲಿ ಶೃಂಗಾರ, ಜನ ಕೂರುವ ನಡುವಿನ ನೆಲ ಖಾಲಿ. ನಮ್ಮ ಹಾಲ್‌ಗಳಲ್ಲಿ ಇದರ ಉಲ್ಟಾ: ನಡುವೆ ಗಾಜಿನ ಟೀಪಾಯಿ, ಅದರ ಮೇಲೆ ಪ್ಲಾಸ್ಟಿಕ್ ಹೂವು, ಬಾಗಿಲ ಚೌಕಟ್ಟು ಬೋಳು.

ಬಿದ್ರಿ ಸಾಮಾನು ಒಂದಾದರೂ ನಮ್ಮ ಜಿಲ್ಲೆಯ ಹಾಲ್‌ನಲ್ಲಿ ಇರಬೇಕು. ಒಂದೇ ಸಾಕು, ಒಂಟಿಯಾಗಿ, ತಿಳಿ ಬಣ್ಣದ ಗೋಡೆಯ ಮುಂದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲ್ಪದರದ್ದು. ಒಂದು ದೀಪಾವಳಿಗೆ ನಾನು ಉತ್ಸಾಹದಿಂದ ತಾಮ್ರದ ತಂಬಿಗೆಗಳ ಜೊತೆ ಬಿದ್ರಿ ಹೂದಾನಿಯನ್ನೂ ಹುಣಸೆಹಣ್ಣಿನಿಂದ ತಿಕ್ಕಿಬಿಟ್ಟೆ. ಅದು ಕಪ್ಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿ, ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೆತ್ತನೆಯ ಅರಿವೆ, ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟೇ ಅದಕ್ಕೆ ಬೇಕಾದ ಆರೈಕೆ.

ಚೆಂದಕ್ಕೆ ಅಡ್ಡ ಬರುವ ಸಂಗತಿಗಳನ್ನು ಯಾವ ವಿನ್ಯಾಸಕಾರರೂ ನಕ್ಷೆಯಲ್ಲಿ ತೋರಿಸುವುದಿಲ್ಲ. ಇನ್ವರ್ಟರ್ ಬ್ಯಾಟರಿಯನ್ನು ಟಿವಿ ಕಪಾಟಿನೊಳಗೆ ಬಾಗಿಲು ಹಾಕಿ ಅಡಗಿಸಬೇಡಿ; ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಬಿಡುತ್ತದೆ, ಗಾಳಿ ಬೇಕು. ಇನ್ನೊಂದು ಚೀಲಗಳು. ಹಿಂದೆ ಕಾಳಿಗೆ ಹಗೇವು ಇತ್ತು. ಈಗ ಹೊಲ ಇರುವ ಮನೆಯಲ್ಲಿ ಸೋಯಾ, ತೊಗರಿ ರಾಶಿ ಆದಮೇಲೆ ದರ ಏರುವ ತನಕ ಚೀಲಗಳು ಬಂದು ಕೂರುವುದು ಹಾಲ್‌ನಲ್ಲೇ. ಆ ಮೂಲೆಯನ್ನು ಮೊದಲೇ ಬಿಟ್ಟಿರಿ. ಚೀಲದ ಕೆಳಗೆ ಹಲಗೆ ಇರಲಿ, ತೇವ ಏರುವುದಿಲ್ಲ. ಒತ್ತಿದ ಪುಡಿಯ ಹಲಗೆಯಿಂದ ಮಾಡಿದ ಷೋಕೇಸು ಮಾತ್ರ ನೆಲ ಒರೆಸಿದ ನೀರು ಕುಡಿದು ವರ್ಷದೊಳಗೆ ಕಾಲು ಊದಿಸಿಕೊಳ್ಳುತ್ತದೆ.

ತಂಗಿಯ ಮನೆಯಲ್ಲಿ ಕೊನೆಗೆ ಹೀಗಾಯಿತು. ಎಲ್ ಆಕಾರದ ಸೋಫಾ ಬಿಚ್ಚಿದರೆ ಎರಡು ತುಂಡು. ಒಂದು ತುಂಡು ಮೇಲಿನ ಕೋಣೆಗೆ ಹೋಯಿತು. ಖಾಲಿಯಾದ ಗೋಡೆಗುಂಟ ಗೌಂಡಿಯವರು ಹತ್ತು ಅಡಿ ಉದ್ದ, ಹದಿನಾರು ಇಂಚು ಎತ್ತರದ ಇಟ್ಟಿಗೆ ಕಟ್ಟೆ ಕಟ್ಟಿ, ಮೇಲೆ ಶಹಾಬಾದ್ ಫರಸಿ ಕೂರಿಸಿದರು. ಕೆಳಗೆ ಮೂರು ಗೂಡು. ಒಂದರಲ್ಲಿ ಚಪ್ಪಲಿ, ಎರಡರಲ್ಲಿ ಸುತ್ತಿಟ್ಟ ಜಮಖಾನ, ಕೌದಿ. ಮೇಲೆ ಎರಡು ಇಂಚಿನ ಹತ್ತಿ ಗಾದಿ, ಗೋಡೆಗೆ ಮೂರು ಲೋಡು. ಖರ್ಚು ಸೋಫಾದ ಕಾಲುಭಾಗವೂ ಆಗಲಿಲ್ಲ. ತಂಗಿಯ ಗಂಡನಿಗೆ ಅದು ಹಳ್ಳಿ ಮನೆಯ ಹಾಗೆ ಕಾಣುತ್ತದೆಂಬ ಅಸಮಾಧಾನ ಇನ್ನೂ ಇದೆ. ಬೇಸಿಗೆಯ ಮಧ್ಯಾಹ್ನ ಗಾದಿ ಸರಿಸಿ ಬರಿ ಫರಸಿಯ ಮೇಲೆ ಮಲಗುವವರೂ ಅವರೇ.

ಈ ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆ ಹೋದಾಗ ಅದೇ ಹಾಲ್‌ನಲ್ಲಿ ಹದಿನಾಲ್ಕು ಜನ. ಕಟ್ಟೆಯ ಮೇಲೆ ಹೆಂಗಸರು, ಸೋಫಾದ ಮೇಲೆ ಮೊಬೈಲ್ ಹುಡುಗರು, ಕೈ ಇರುವ ಕುರ್ಚಿಯಲ್ಲಿ ಆಯಿ, ಜಮಖಾನದ ಮೇಲೆ ಉಳಿದವರು. ಎಲ್ಲ ಸರಿಹೋಯಿತು ಎಂದು ತಂಗಿಯ ಮುಖ ನೋಡಿದರೆ, ಅವಳು ಕಣ್ಣಲ್ಲೇ ಮೂಲೆಯ ಕಡೆ ತೋರಿಸಿದಳು. ಎಂಬತ್ತು ದಾಟಿದ ನಮ್ಮ ಕಾಕಾ ಲೋಡು ಬೇಡ, ಕುರ್ಚಿಯೂ ಬೇಡ ಎಂದು, ಹೊಸ ತೊಗರಿ ಚೀಲಕ್ಕೆ ಬೆನ್ನು ಹಚ್ಚಿ, ಕಾಲು ಚಾಚಿ, ಕಣ್ಣು ಮುಚ್ಚಿದ್ದರು.